ಕೈತೋಟ: ಬೀದಿಯಲ್ಲಿ ಸುಡುವ ಗೊಬ್ಬರ

ಫಾಲ್ಗುಣ ಬಂತೆಂದರೆ ಹೊಂಗೆಯ ಮರ ಎಲೆಯುದುರಿಸುತ್ತದೆ. ರಾಮನಗರದ ರಸ್ತೆಯಂಚಿನಲ್ಲಾಗಲಿ, ಕನಕಪುರದ ಹೊಲದ ಬದುವಿನಲ್ಲಾಗಲಿ, ಬೆಂಗಳೂರಿನ ಬಡಾವಣೆಗಳಲ್ಲಾಗಲಿ ನೆಲವೇ ಕಾಣದಷ್ಟು ತರಗೆಲೆ. ಯುಗಾದಿಯ ಹೊತ್ತಿಗೆ ಅದೇ ಮರ ಎಳೆಹಸುರಿನ ಚಿಗುರುಟ್ಟು ನಿಲ್ಲುತ್ತದೆ. ಅಷ್ಟರಲ್ಲಿ ಕೆಳಗೆ ಬಿದ್ದುದನ್ನು ಗುಡಿಸಿ, ರಾಶಿಮಾಡಿ, ಬೆಂಕಿಯಿಟ್ಟಾಗಿರುತ್ತದೆ. ಕಣ್ಣುರಿಸುವ ಆ ಹೊಗೆಯನ್ನು ಶಪಿಸುತ್ತ ಕಿಟಕಿ ಮುಚ್ಚಿಕೊಳ್ಳುವ ನಾವೇ ಮರುದಿನ ಅಂಗಡಿಗೆ ಹೋಗಿ ಹೂಕುಂಡಗಳಿಗೆಂದು ಚೀಲದ ಗೊಬ್ಬರವನ್ನು ಹಣ ಕೊಟ್ಟು ತರುತ್ತೇವೆ. ಈ ವಾರ ಈ ವಿಚಾರವನ್ನೇ ಎತ್ತಿಕೊಳ್ಳೋಣ.

ಸಸಿ ಬೆಳೆಸಲೆಂದು ಮಾರುವ ಕೆಲವು ಚೀಲಗಳ ಮೇಲೆ ‘ಪೀಟ್’ ಎಂಬ ಮಾತಿರುವುದನ್ನು ವಾಚಕರು ಕಂಡಿರಬಹುದು. ಪೀಟ್ ಎಂಬುದು ಮುಖ್ಯವಾಗಿ ಶೀತದೇಶಗಳ ಜೌಗುನೆಲದ ಸರಕು. ನೀರು ಸದಾ ನಿಂತಿರುವ ಆ ನೆಲಗಳಲ್ಲಿ ಪಾಚಿಯ ಜಾತಿಯ ಗಿಡಗಳು ಸತ್ತಮೇಲೂ ಪೂರ್ತಿಯಾಗಿ ಕೊಳೆಯಲಾರದೆ ಪದರ ಪದರವಾಗಿ ಕೂಡುತ್ತ ಹೋಗುತ್ತವೆ. ವರ್ಷಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆಯುವ ಆ ಪದರ ಒಂದು ಮೊಳ ದಪ್ಪವಾಗಬೇಕಾದರೆ ನಾಲ್ಕೈದು ಶತಮಾನ ಹಿಡಿಯುತ್ತದೆ. ಭೂಮಿಯ ನೆಲಭಾಗದಲ್ಲಿ ನೂರಕ್ಕೆ ೩ರಷ್ಟು ಮಾತ್ರವಿರುವ ಈ ಜೌಗುಗಳು ಲೋಕದ ಕಾಡುಮರಗಳೆಲ್ಲ ಹಿಡಿದಿಟ್ಟುದಕ್ಕಿಂತ ಹೆಚ್ಚು ಇಂಗಾಲವನ್ನು ಒಡಲಿನಲ್ಲಿ ಅಡಗಿಸಿಕೊಂಡಿವೆ. ಅಗೆದು ಒಣಗಿಸಿದರೆ ಆ ಇಂಗಾಲ ಮತ್ತೆ ವಾಯುಮಂಡಲವನ್ನು ಸೇರತೊಡಗುತ್ತದೆ. ಆದುದರಿಂದಲೇ ಯುರೋಪಿನ ತೋಟಗಾರರು ಇಂದು ಪೀಟಿಲ್ಲದ ಗೊಬ್ಬರವನ್ನು ಹುಡುಕುತ್ತಿದ್ದಾರೆ. ಅದರ ಬದಲಿಗೆ ಅವರು ಹಡಗಿನಲ್ಲಿ ತರಿಸಿಕೊಳ್ಳುವ ವಸ್ತುಗಳಲ್ಲಿ ಮುಖ್ಯವಾದದ್ದು ತೆಂಗಿನ ನಾರಿನ ಪುಡಿ. ‘ಕೋಕೋಪೀಟ್’ ಎಂದು ಅದಕ್ಕೆ ಹೆಸರಿಟ್ಟಿದ್ದಾರೆ. ಹೆಸರಿನಲ್ಲಿ ಮಾತ್ರ ಪೀಟ್. ವಸ್ತು ನಮ್ಮ ತೆಂಗಿನ ಮಟ್ಟೆಯದೇ. ಮನೆಯಂಗಳದಲ್ಲಿ ಬಿದ್ದಿರುವುದನ್ನು ಲೋಕ ಹುಡುಕುತ್ತಿರುವಾಗ ನಾವು ಅಂಗಡಿಯ ಚೀಲವನ್ನು ಹುಡುಕುವುದು ಸೋಜಿಗವಲ್ಲವೆ?

ನಾಲ್ಕು ಊರಿನ ಕೆಂಪುಮಣ್ಣು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ೨೦೦೭ರಲ್ಲಿ ಒಂದು ಜಿಲ್ಲೆಯಾಗಿ ಕೂಡಿದ ಈ ನಾಲ್ಕು ತಾಲ್ಲೂಕುಗಳ ನೆಲ ಬಹುಮಟ್ಟಿಗೆ ಕೆಂಪು ಮರಳುಮಿಶ್ರಿತ ಮಣ್ಣು. ರಾಮದೇವರ ಬೆಟ್ಟ, ಸಾವನದುರ್ಗಗಳಂಥ ಹೆಬ್ಬಂಡೆಗಳು ಯುಗಯುಗಗಳಿಂದ ಸವೆದು ಉದುರಿದ ಮಣ್ಣು ಇದು. ಬೇರಿಗೆ ಗಾಳಿ ಚೆನ್ನಾಗಿ ಆಡುತ್ತದೆ, ನೀರು ಬೇಗ ಇಂಗುತ್ತದೆ. ಆದರೆ ಇಂಗಿದ ನೀರನ್ನು ಹಿಡಿದಿಡುವ ಶಕ್ತಿ ಕಡಿಮೆ, ಕೊಳೆತ ಸಾವಯವ ಪದಾರ್ಥ ಇನ್ನೂ ಕಡಿಮೆ. ಬಿರುಮಳೆ ಹೊಡೆದು ಬಿಸಿಲು ಬಂದರೆ ಮೇಲ್ಪದರ ಹಪ್ಪಳದಂತೆ ಗಟ್ಟಿಯಾಗಿ ಮೊಳಕೆ ತಲೆಯೆತ್ತಲಾರದು. ಇಂಥ ಮಣ್ಣಿಗೆ ಬೇಕಾದದ್ದು ಎರಡೇ: ಒಡಲಿಗೆ ಕಳಿತ ಗೊಬ್ಬರ, ಮೈಮೇಲೆ ಹೊದಿಕೆ.

ಅದಕ್ಕೆ ಬೇಕಾದ ಸಾಮಗ್ರಿಯನ್ನು ಈ ಊರುಗಳು ಕಸದ ಹೆಸರಿನಲ್ಲಿ ದಿನವೂ ಹೊರಗೆ ಹಾಕುತ್ತಿವೆ. ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ರಾಮನಗರದ ಸುತ್ತಲಿನ ಹುಳುಮನೆಗಳಲ್ಲಿ ಒಂದೊಂದು ಬೆಳೆಗೂ ಹುಳುವಿನ ಹಿಕ್ಕೆ, ತಿಂದು ಮಿಕ್ಕ ಹಿಪ್ಪುನೇರಳೆ ಸೊಪ್ಪು, ಕಡ್ಡಿ ಗುಡ್ಡೆಯಾಗುತ್ತದೆ. ನಾಲ್ಕನೆಯ ಜ್ವರ ಕಳೆದೆದ್ದ ಹುಳು ಹಣ್ಣಾಗಿ ಚಂದ್ರಿಕೆ ಹತ್ತುವವರೆಗಿನ ಕೆಲವೇ ದಿನಗಳಲ್ಲಿ ತನ್ನ ಜೀವಮಾನದ ಮೇವಿನ ಬಹುಪಾಲನ್ನು ತಿನ್ನುವುದರಿಂದ ಹಿಕ್ಕೆಯೂ ಆಗಲೇ ಹೆಚ್ಚು. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರ ಮನೆಗಳಿಂದ ಆಲೆಮರದ ಹೊಟ್ಟು ಬರುತ್ತದೆ. ಎಳನೀರಿನ ಅಂಗಡಿಗಳ ಮುಂದೆ ಬುರುಡೆಯ ರಾಶಿ ಬೀಳುತ್ತದೆ. ಮಾಗಡಿಯ ಅವರೆಕಾಯಿಯ ಸೊಗಡನ್ನು ಬಲ್ಲ ಗೃಹಿಣಿಯರಿಗೆ ಪುಷ್ಯಮಾಸದ ಅವರೆ ಸಿಪ್ಪೆಯ ವಿಚಾರ ಹೇಳಬೇಕಾಗಿಲ್ಲ: ಕಾಯಿ ಸುಲಿದ ಸಿಪ್ಪೆ ಒಂದು ಬುಟ್ಟಿ, ಹಿತಕಿದ ಬೇಳೆಯ ಸಿಪ್ಪೆ ಮತ್ತೊಂದು ಪಾತ್ರೆ. ಕನಕಪುರದ ಕಡೆ ಹೊಂಗೆಯ ಎಲೆ, ಹೊಂಗೆಯ ಹಿಂಡಿ, ಆಡು ಕುರಿಗಳ ಹಿಕ್ಕೆ. ಇವೆಲ್ಲವೂ ಗೊಬ್ಬರವೇ, ಆದರೆ ಯಾವುದೂ ಇದ್ದಂತೆಯೇ ಗೊಬ್ಬರವಲ್ಲ.

ಮುದ್ದೆ ಮತ್ತು ಸಾರು

ಈ ಮಾತನ್ನು ನಾನು ಕಲಿತದ್ದು ನಷ್ಟದಿಂದ. ಒಮ್ಮೆ ಎಂಟು ಕುಂಡಗಳಿಗೆ ತೆಂಗಿನ ನಾರಿನ ಹಸಿಪುಡಿಯನ್ನೇ ಅರ್ಧಕ್ಕರ್ಧ ತುಂಬಿ ಟೊಮೆಟೊ ಸಸಿ ನೆಟ್ಟೆ. ಪುಡಿ ತನ್ನ ತೂಕದ ಐದಾರು ಪಟ್ಟು ನೀರು ಹಿಡಿಯುತ್ತದೆಂಬ ಹಿಗ್ಗು ನನಗೆ. ಹದಿನೈದು ದಿನಗಳಲ್ಲಿ ಕೆಳಗಿನ ಎಲೆಗಳು ಹಳದಿಗೆ ತಿರುಗಿದುವು. ತಿಂಗಳಾದರೂ ಗಿಡ ಗೇಣುದ್ದವನ್ನು ಮೀರಲಿಲ್ಲ. ನೀರು ಸಾಲದೆಂದು ಇನ್ನಷ್ಟು ಸುರಿದೆ. ಗಿಡಕ್ಕೆ ಇಲ್ಲವಾದದ್ದು ನೀರಲ್ಲ, ಊಟ.

ಕಾರಣ ಸರಳವಾದದ್ದು. ಕಸವನ್ನು ಗೊಬ್ಬರ ಮಾಡುವುದು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಅವಕ್ಕೂ ಮುದ್ದೆಯೂ ಬೇಕು, ಸಾರೂ ಬೇಕು. ತರಗೆಲೆ, ಮರದ ಹೊಟ್ಟು, ನಾರಿನ ಪುಡಿ, ಒಣಕಡ್ಡಿ ಇವು ಮುದ್ದೆ. ಇವುಗಳಲ್ಲಿ ಇಂಗಾಲ ಹೆಚ್ಚು. ಹಸಿ ಸೊಪ್ಪು, ತರಕಾರಿ ಸಿಪ್ಪೆ, ಸಗಣಿ, ಹಿಕ್ಕೆ, ಹಿಂಡಿ ಇವು ಸಾರು. ಇವುಗಳಲ್ಲಿ ಸಾರಜನಕ ಹೆಚ್ಚು. ಹಸಿಯಾದ ನಾರಿನ ಪುಡಿಯಲ್ಲಿ ಒಂದು ಪಾಲು ಸಾರಜನಕಕ್ಕೆ ನೂರು ಪಾಲಿಗೂ ಮಿಕ್ಕಿ ಇಂಗಾಲವಿರುತ್ತದೆ. ಕಳಿತಮೇಲೆ ಅದು ೨೪-೨೫ ಪಾಲಿಗೆ ಇಳಿಯುತ್ತದೆ. ಸಾರಿಲ್ಲದ ಮುದ್ದೆಯನ್ನು ಮಣ್ಣಿಗೆ ಬಡಿಸಿದರೆ ಸೂಕ್ಷ್ಮಜೀವಿಗಳು ಗಿಡದ ತಟ್ಟೆಯಿಂದಲೇ ಸಾರನ್ನು ಬಗ್ಗಿಸಿಕೊಳ್ಳುತ್ತವೆ. ಗಿಡ ಉಪವಾಸ ಬೀಳುತ್ತದೆ. ಬರಿಯ ಸಾರನ್ನೇ, ಎಂದರೆ ಹಸಿ ಹಿಕ್ಕೆಯನ್ನೋ ಹೊಸ ಸಗಣಿಯನ್ನೋ ಬೇರಿಗೆ ಸುರಿದರೆ ಕಾವೇರಿ ಬೇರು ಬೇಯುತ್ತದೆ. ಅಳತೆಯ ಲೆಕ್ಕ ಇಷ್ಟೆ: ಎರಡು ಮೂರು ಬುಟ್ಟಿ ಒಣಕಸಕ್ಕೆ ಒಂದು ಬುಟ್ಟಿ ಹಸಿಕಸ.

ಇಲ್ಲಿ ಕೆಲವು ಎಚ್ಚರಿಕೆಗಳುಂಟು. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರಬಹುದಾದ್ದರಿಂದ ಮೊದಲು ನೀರಿನಲ್ಲಿ ನೆನೆಸಿ, ಹಿಂಡಿ, ಆ ನೀರನ್ನು ಚೆಲ್ಲತಕ್ಕದ್ದು. ಮರದ ಹೊಟ್ಟಿನಲ್ಲಿ ಬಣ್ಣದ ಅರಗು ಬೆರೆತದ್ದನ್ನು ಬಿಟ್ಟು ಬರಿಯ ಮರವನ್ನು ಕಡೆದದ್ದನ್ನೇ ಆರಿಸಬೇಕು. ಹುಳುಮನೆಯ ಕಸದಲ್ಲಿ ಹಾಲುತೊಂಡೆ, ಸುಣ್ಣಕಟ್ಟು ಮೊದಲಾದ ರೋಗಗಳ ಬೀಜಾಣುಗಳಿರಬಹುದು. ಅವು ನಮಗೂ ನಮ್ಮ ತರಕಾರಿಗೂ ಅಂಟುವ ರೋಗಗಳಲ್ಲ. ಆದರೆ ಹಸಿಕಸವನ್ನು ಅಲ್ಲಲ್ಲಿ ಎರಚಿದರೆ ನೆರೆಯವರ ಹುಳುವಿಗೆ ಸೋಂಕು ತಗುಲಿ ಒಂದು ಬೆಳೆಯೇ ಹಾಳಾದೀತು. ಬೆಳೆ ಹೋದರೆ ಹೋಗುವುದು ಒಂದು ಸಂಸಾರದ ತಿಂಗಳ ಅನ್ನ. ಆದುದರಿಂದ ಅದನ್ನು ಗುಂಡಿಯಲ್ಲಿ ಮುಚ್ಚಿ ಕಳಿಯಿಸಿದಮೇಲೆಯೇ ಹೊರತೆಗೆಯತಕ್ಕದ್ದು. ಇನ್ನು ಒಲೆಯ ಬೂದಿ: ಅದರಲ್ಲಿ ಪೊಟ್ಯಾಷ್ ಉಂಟು, ನಿಜ, ಆದರೆ ಹಸಿ ಸಗಣಿಯೊಡನೆ ಬೆರೆಸಿದರೆ ಸಾರಜನಕ ಗಾಳಿಗೆ ಹಾರಿಹೋಗುತ್ತದೆ. ಬೂದಿಯನ್ನು ಬೇರೆಯಾಗಿ, ತೆಳುವಾಗಿ ಗಿಡದ ಸುತ್ತ ಉದುರಿಸುವುದೇ ಲೇಸು.

ಬೆಂಗಳೂರಿನ ಹೆಸರಿನ ಗುಂಡಿ

ಗೊಬ್ಬರ ಕಳಿಯಿಸುವ ಒಂದು ಪದ್ಧತಿಗೆ ಲೋಕದ ಕೃಷಿಗ್ರಂಥಗಳಲ್ಲಿ ‘ಬೆಂಗಳೂರು ಪದ್ಧತಿ’ ಎಂದೇ ಹೆಸರು. ಇಂದೋರಿನಲ್ಲಿ ಆಲ್ಬರ್ಟ್ ಹೋವರ್ಡ್ ಅವರು ರೂಪಿಸಿ ೧೯೩೧ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ರಾಶಿಯನ್ನು ಆಗಾಗ ಮಗುಚಬೇಕು, ನೀರು ಹಾಕಬೇಕು; ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರ ಸಿದ್ಧ. ೧೯೩೯ರಲ್ಲಿ ಬೆಂಗಳೂರಿನಲ್ಲಿ ಆಚಾರ್ಯ ಎಂಬ ವಿಜ್ಞಾನಿಗಳು ಇನ್ನೊಂದು ದಾರಿಯನ್ನು ತೋರಿಸಿದರು. ಊರಿನ ಕಸವನ್ನೂ ಮಲವನ್ನೂ ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಮಗುಚದೆ ಬಿಡುವ ಕ್ರಮ ಅದು. ಆರರಿಂದ ಎಂಟು ತಿಂಗಳು ಹಿಡಿಯುತ್ತದೆ. ಆದರೆ ದುಡಿಮೆ ಕಡಿಮೆ, ನೀರಿನ ಖರ್ಚು ಕಡಿಮೆ, ನೊಣದ ಕಾಟವಿಲ್ಲ. ಕಛೇರಿಗೆ ಹೋಗುವವರ ಮನೆಗೆ ಇದಕ್ಕಿಂತ ಹೊಂದುವ ಕ್ರಮ ಬೇರೆಯಿಲ್ಲ. ಮನೆಯ ಮಟ್ಟಿಗೆ ಮಲದ ಬದಲು ಸಗಣಿಯೂ ಅಡಿಗೆಮನೆಯ ಸಿಪ್ಪೆಯೂ ಸಾಕು.

ಹಿತ್ತಿಲಿನಲ್ಲಿ, ಬಾವಿಯಿಂದಲೂ ಗೋಡೆಯಿಂದಲೂ ದೂರವಾಗಿ, ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳದ ಗುಂಡಿ ತೋಡಿಸಿ. ತಳಕ್ಕೆ ಒಣಕಡ್ಡಿ, ಅದರ ಮೇಲೆ ಅರ್ಧ ಅಡಿ ತರಗೆಲೆ, ಎರಡಂಗುಲ ಹಸಿಕಸ, ಸಗಣಿ ಕದಡಿದ ನೀರು, ಹಿಡಿಮಣ್ಣು. ಹೀಗೆಯೇ ಪದರಗಳನ್ನು ಏರಿಸುತ್ತ ನೆಲದಿಂದ ಒಂದಡಿ ಎತ್ತರಕ್ಕೆ ತನ್ನಿ. ಹಿಂಡಿದರೆ ಒಂದೆರಡು ಹನಿ ಜಿನುಗುವಷ್ಟು ತೇವವಿದ್ದರೆ ಸಾಕು. ವಾರ ಹತ್ತು ದಿನ ಹಾಗೆಯೇ ಬಿಟ್ಟು, ರಾಶಿ ಕಾವೇರಿ ಕುಸಿದಮೇಲೆ, ಮಳೆನೀರು ಜಾರುವಂತೆ ಗುಮ್ಮಟವಾಗಿ ಕೆಸರು ಮೆತ್ತಿ ಮರೆತುಬಿಡಿ. ಹಿತ್ತಿಲಿಲ್ಲದವರು ತೂತು ಕೊರೆದ ಡ್ರಮ್ಮಿನಲ್ಲಿ ಇದೇ ಪದರಗಳನ್ನು ಹಾಕಿ ವಾರಕ್ಕೊಮ್ಮೆ ಮಗುಚಿದರೆ ಮೂರು ನಾಲ್ಕು ತಿಂಗಳಲ್ಲಿ ಫಲ ಕಾಣಬಹುದು.

ಕಳಿತಿದೆಯೆ ಎಂದು ತಿಳಿಯಲು ಪ್ರಯೋಗಶಾಲೆ ಬೇಡ. ಗೊಬ್ಬರ ಕಪ್ಪಾಗಿರಬೇಕು, ಮುಟ್ಟಿದರೆ ತಂಪಾಗಿರಬೇಕು, ಮೊದಲ ಮಳೆಯ ಮಣ್ಣಿನ ವಾಸನೆ ಬರಬೇಕು. ಅನುಮಾನವಿದ್ದರೆ ಒಂದು ಬಟ್ಟಲಿನಲ್ಲಿ ಆ ಗೊಬ್ಬರವನ್ನು ತುಂಬಿ ಹತ್ತು ಮೆಂತ್ಯದ ಕಾಳು ಊರಿ. ವಾರದೊಳಗೆ ಎಂಟಾದರೂ ಹಸುರಾಗಿ ಎದ್ದರೆ ಬಳಸಿ. ಮೊಳಕೆ ಸುಟ್ಟು ಬಾಡಿದರೆ ಇನ್ನೊಂದು ತಿಂಗಳು ತಾಳಿ. ಮೆಂತ್ಯಕ್ಕಿಂತ ನಿಷ್ಪಕ್ಷಪಾತಿಯಾದ ಪರೀಕ್ಷಕರಿಲ್ಲ.

ಋತುವಿನೊಡನೆ

ಈಗ, ಬೇಸಿಗೆಯ ಬಾಗಿಲಿನಲ್ಲಿ, ಗುಂಡಿ ತುಂಬಿ ಮಿಕ್ಕ ತರಗೆಲೆಯೆಲ್ಲ ಹೊದಿಕೆಗೆ. ಗಿಡಕ್ಕೆ ಚೆನ್ನಾಗಿ ನೀರುಣಿಸಿ, ಬಳಿಕ ಮೂರಂಗುಲ ದಪ್ಪ ಎಲೆ ಹರಡಿ. ಕಾಂಡದಿಂದ ನಾಲ್ಕು ಬೆರಳು ಬಿಟ್ಟಿರಲಿ, ಇಲ್ಲದಿದ್ದರೆ ಬುಡ ಕೊಳೆತೀತು. ಗೆದ್ದಲಿನ ಭಯವಿದ್ದೆಡೆ ಹಿಡಿಯಷ್ಟು ಬೇವಿನ ಹಿಂಡಿ ಉದುರಿಸಿ. ರಾಗಿಹುಲ್ಲನ್ನು ಮಾತ್ರ ಹೊದಿಕೆಗೆ ಬಳಸಬೇಡಿ; ಅದು ದನದ ಬಾಯಿಯ ತುತ್ತು.

ಭರಣಿಯ ಮಳೆ ಬಿದ್ದೊಡನೆ ಖಾಲಿ ಮಡಿಗಳಲ್ಲಿ ಹುರುಳಿಯನ್ನೋ ಅಲಸಂದೆಯನ್ನೋ ಒತ್ತಾಗಿ ಚೆಲ್ಲಿ, ಹೂ ಬಿಡುವ ಹೊತ್ತಿಗೆ ಕೊಯ್ದು ಮಣ್ಣಿಗೆ ಸೇರಿಸಿ. ಎರಡು ಮೂರು ವಾರ ಕೊಳೆಯಲು ಬಿಟ್ಟು ಮುಂದಿನ ಬಿತ್ತನೆ. ಆಷಾಢದ ಗಾಳಿ ಮಳೆಗಿಂತ ಜೋರಾಗಿ ಬೀಸಿ ನೆಲವನ್ನು ಒಣಗಿಸುವಾಗ ಹೊಂಗೆಯ, ಗೊಬ್ಬರದ ಗಿಡದ ಹಸಿಸೊಪ್ಪನ್ನು ಹೊದಿಕೆಯ ಮೇಲೆ ಹರಡಿ. ಈ ಸೀಮೆಯಲ್ಲಿ ಮಳೆ ಹೆಚ್ಚು ಸುರಿಯುವುದು ಉತ್ತರೆ, ಹಸ್ತ, ಚಿತ್ತೆಗಳಲ್ಲಿ; ಆಗ ಹೊದಿಕೆಯಿರುವ ಮಡಿ ಮಣ್ಣನ್ನು ಉಳಿಸಿಕೊಳ್ಳುತ್ತದೆ, ಬರಿಮಡಿ ಕೊಚ್ಚಿಹೋಗುತ್ತದೆ. ಇಂದು ಮುಚ್ಚಿದ ಗುಂಡಿಯನ್ನು ದೀಪಾವಳಿಯ ವೇಳೆಗೆ ತೆರೆಯಬಹುದು. ಕುಂಡಗಳಿಗೆ ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಈ ಗೊಬ್ಬರ, ಒಂದು ಪಾಲು ಕಳಿತ ನಾರಿನ ಪುಡಿ, ಒಂದು ಹಿಡಿ ಹೊಂಗೆಯ ಹಿಂಡಿ. ಪುಷ್ಯದಲ್ಲಿ ಅವರೆ ಸಿಪ್ಪೆ ಬರುವಾಗ ಖಾಲಿಯಾದ ಗುಂಡಿ ನಿಮ್ಮನ್ನು ಕಾದಿರುತ್ತದೆ.

ಕೆರೆಗೋಡಿನ ಮಾತು

ಹಿಂದೆ ಬೇಸಿಗೆಯಲ್ಲಿ ಬತ್ತಿದ ಕೆರೆಯ ಗೋಡನ್ನು ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುವ ವಾಡಿಕೆಯಿತ್ತು. ಮರಳುಮಣ್ಣಿಗೆ ಅದು ಅಮೃತ. ಇಂದೂ ಮಳೆನೀರು ಮಾತ್ರ ತುಂಬುವ ಕೆರೆಯ ಗೋಡು ಒಳ್ಳೆಯದೇ. ಆದರೆ ತರುವ ಮುನ್ನ ಆ ಕೆರೆಗೆ ಯಾವ ನೀರು ಬರುತ್ತದೆಂದು ವಿಚಾರಿಸಿಕೊಳ್ಳಿ. ಬೆಂಗಳೂರಿನ ಚರಂಡಿಗಳನ್ನೂ ಕಾರ್ಖಾನೆಗಳ ಹೊಲಸನ್ನೂ ಹೊತ್ತ ವೃಷಭಾವತಿ ರಾಮನಗರ ತಾಲ್ಲೂಕಿನ ಬೈರಮಂಗಲದ ಕೆರೆಗೆ ಬಂದು ಸೇರುತ್ತದೆ. ಅಂಥ ಕೆಸರಿನಲ್ಲಿ ಕೂಡುವ ಭಾರಲೋಹಗಳು ಎಷ್ಟು ಕಳಿಯಿಸಿದರೂ ಕಳಿಯವು. ಗುಂಡಿಗಾಗಲಿ ಕಾಲಕ್ಕಾಗಲಿ ಅವುಗಳ ಮೇಲೆ ಅಧಿಕಾರವಿಲ್ಲ.

ಎಲೆ, ಸಿಪ್ಪೆ, ಹಿಕ್ಕೆ, ಹೊಟ್ಟು ಇವು ಹಾಗಲ್ಲ. ಎಂಟು ತಿಂಗಳ ಕತ್ತಲೆ ಇವನ್ನು ಅನ್ನ ಮಾಡುತ್ತದೆ. ಪಟ್ಟಣದ ಮನೆಯೊಂದು ತನ್ನ ಅಡಿಗೆಮನೆಯ ಕಸವನ್ನು ತಾನೇ ಮಣ್ಣು ಮಾಡಿಕೊಂಡರೆ, ಕೆಳಗಿನ ಊರಿನವರ ಕೆರೆಯ ಕಡೆಗೆ ಹೋಗುವ ಹೊರೆಯಲ್ಲಿ ಒಂದು ಬುಟ್ಟಿಯಾದರೂ ಇಳಿಯುತ್ತದೆ. ನಮಗೆ ಸೊಪ್ಪು ತರಕಾರಿ ಬೆಳೆದುಕೊಡುವವರಿಗೆ ನಾವು ಮಾಡಬಹುದಾದ ಸಣ್ಣ ಉಪಕಾರವಿದು.

ನಾಳೆ ಬೆಳಿಗ್ಗೆ ನಿಮ್ಮ ಬೀದಿ ಗುಡಿಸುವಾಕೆ ಎಲೆಯ ರಾಶಿಗೆ ಕಡ್ಡಿ ಗೀರುವ ಮುನ್ನ ಒಂದು ಗೋಣಿಚೀಲ ಹಿಡಿದು ಹೋಗಿ, “ಇದನ್ನು ನನಗೆ ಕೊಡಮ್ಮ” ಎಂದು ಕೇಳಿ ನೋಡಿ. ಆಕೆ ಮೊದಲು ನಕ್ಕಾಳು. ಮರುವರ್ಷ ತಾನೇ ಬಾಗಿಲು ತಟ್ಟಿ ತಂದುಕೊಟ್ಟಾಳು. ಆಗ ದೀಪಾವಳಿಯ ಮಡಿಯ ಮೊದಲ ಮೆಂತ್ಯಸೊಪ್ಪಿನಲ್ಲಿ ಒಂದು ಕಟ್ಟನ್ನು ಆಕೆಗೆಂದು ತೆಗೆದಿಡುವುದನ್ನು ಮರೆಯಬೇಡಿ.