ಅವರು ಯಾಕೆ ನಂಬಬೇಕು?

ಅಮೆರಿಕದ ಕಪ್ಪು ಜನ ಎಚ್‌ಐವಿ ಮದ್ದಿನ ಪ್ರಯೋಗಕ್ಕೆ ಬರೋದಿಲ್ಲ, ತಿಳಿವಳಿಕೆ ಸಾಲದು ಅಂತ ಗೊಣಗುವ ಪಂಡಿತರಿದ್ದಾರೆ. ಹಿಂಜರಿಯುವವರು ತಿಳಿದೇ ಹಿಂಜರಿಯುತ್ತಾರೆ ಸ್ವಾಮಿ.

1932ರಲ್ಲಿ ಅಲಬಾಮಾದ ಟಸ್ಕೀಗಿಯಲ್ಲಿ ಸರ್ಕಾರಿ ಡಾಕ್ಟರುಗಳು ಸಿಫಿಲಿಸ್ ಇದ್ದ 399 ಬಡ ಕಪ್ಪು ಗಂಡಸರನ್ನು ಹಿಡಿದರು. ‘ಕೆಟ್ಟ ರಕ್ತ’ಕ್ಕೆ ಮದ್ದು ಅಂದರು. ಊಟ ಕೊಟ್ಟರು, ಸತ್ತರೆ ಮಣ್ಣು ಮಾಡುವ ಖರ್ಚನ್ನೂ ಕೊಟ್ಟರು. 1940ರ ದಶಕದಲ್ಲಿ ಪೆನಿಸಿಲಿನ್ ಬಂತಲ್ಲ, ಅದನ್ನು ಮಾತ್ರ ಕೊಡಲಿಲ್ಲ. ರೋಗ ಮೈಯನ್ನು ಹೇಗೆ ತಿನ್ನುತ್ತೆ ಅಂತ 1972ರವರೆಗೆ ನೋಡ್ತಾ ಕೂತರು. ಅಧ್ಯಕ್ಷ ಕ್ಲಿಂಟನ್ ಕ್ಷಮೆ ಕೇಳಿದ್ದು 1997ರಲ್ಲಿ. ಆಗ ಬದುಕುಳಿದಿದ್ದವರು ಎಂಟೇ ಜನ.

ಹೋಗಲಿ, ಹಳೇ ಕತೆಯೇ? ಬಸುರಿಯಿಂದ ಮಗುವಿಗೆ ಎಚ್‌ಐವಿ ದಾಟುವುದನ್ನು ಎಜೆಡ್‌ಟಿ ಮೂರರಲ್ಲಿ ಎರಡು ಪಾಲು ತಗ್ಗಿಸುತ್ತದೆಂದು 1994ರಲ್ಲೇ ಗೊತ್ತಾಗಿತ್ತು. ಆಮೇಲೂ ಆಫ್ರಿಕದ ಪ್ರಯೋಗಗಳಲ್ಲಿ ಎಷ್ಟೋ ಬಸುರಿಯರಿಗೆ ಮದ್ದಿಲ್ಲದ ಹುಸಿ ಗುಳಿಗೆ ನುಂಗಿಸಿದರು. ‘ಹೇಗೂ ಅವರಿಗೆ ಆ ಮದ್ದು ಸಿಗ್ತಿರಲಿಲ್ಲ’ ಅನ್ನೋದು ಸಮರ್ಥನೆ! ಬಡತನವೇ ಪರವಾನಗಿ ಆಯ್ತು.

ಪ್ರಯೋಗ ಬೇಡ ಅಂತಲ್ಲ. ಹೊರಗುಳಿದವರ ಮೈಗೆ ಮದ್ದು ಹೊಂದುತ್ತೋ ಇಲ್ಲವೋ ಯಾರು ಹೇಳಬೇಕು? ಆದರೆ 1983ರಲ್ಲೇ ಡೆನ್ವರಿನಲ್ಲಿ ಏಡ್ಸ್ ಇದ್ದವರು, ತೀರ್ಮಾನ ಮಾಡೋ ಕಡೆಯಲ್ಲೆಲ್ಲ ನಾವೂ ಇರಬೇಕು ಅಂದಿದ್ದರು. ಮನವೊಲಿಸೋಕೆ ಹೊರಟ ಪಂಡಿತರು ಮೊದಲು ಆ ಕುರ್ಚಿ ಬಿಟ್ಟುಕೊಡಲಿ.