ಮನೆತನದ ಮತವೂ ಮನಸ್ಸಿನ ಮತವೂ

ಇಂಗ್ಲೆಂಡಿನಲ್ಲಿ ಯಾವ ಪಕ್ಷವು ಗೆದ್ದಿತು, ಯಾವ ಪಕ್ಷವು ಸೋತಿತು ಎಂಬ ವಾರ್ತೆಗೂ ನಮ್ಮ ಮನೆಯ ಒಲೆಗೂ ಏನು ಸಂಬಂಧವೆಂದು ವಾಚಕರಲ್ಲಿ ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ ಸರಿ. ಒಂದಾನೊಂದು ಕಾಲದಲ್ಲಿ ಆ ದ್ವೀಪದ ಮತದಾರನ ಮನಸ್ಸು ಹೊರಳಿದರೆ ನಮ್ಮ ದೇಶದ ಹಣೆಯ ಬರಹವೂ ಅದರೊಡನೆ ಹೊರಳುತ್ತಿದ್ದಿತು. ಆ ಕಾಲವು ಕಳೆದುಹೋಯಿತು; ಅದಕ್ಕಾಗಿ ವ್ಯಸನಪಡುವವರು ನಮ್ಮಲ್ಲಿ ಯಾರೂ ಇರಲಾರರು. ಆದರೆ ಮತದಾರನು ಒಂದು ಪಕ್ಷವನ್ನು ಏಕೆ ನಚ್ಚುತ್ತಾನೆ, ತಾತ ಮುತ್ತಾತಂದಿರಿಂದ ಬಂದ ಆ ನಚ್ಚಿಕೆಯನ್ನು ಒಂದು ದಿನ ಏಕೆ ತೊರೆಯುತ್ತಾನೆ ಎಂಬ ಪ್ರಶ್ನೆಯು ಪ್ರಜಾಪ್ರಭುತ್ವವುಳ್ಳ ಎಲ್ಲ ದೇಶಗಳಿಗೂ ಸೇರಿದುದು. ಮತವಿರುವ ಪ್ರತಿಯೊಂದು ಮನೆಗೂ ಸೇರಿದುದು. ಇದಕ್ಕೆ ಉತ್ತರವನ್ನು ಹುಡುಕುವವರಿಗೆ ಬ್ರಿಟನ್ನಿನ ಚರಿತ್ರೆಯಷ್ಟು ವಿಸ್ತಾರವಾದ ಲೆಕ್ಕದ ಪುಸ್ತಕವು ಬೇರೆ ದೊರೆಯುವುದು ಕಷ್ಟ. ಆದುದರಿಂದ ಈ ತಿಂಗಳು ಆ ಪುಸ್ತಕದ ಕೆಲವು ಪುಟಗಳನ್ನು ತಿರುವಿ ನೋಡೋಣ.

ಮೊದಲು ಅಲ್ಲಿಯ ಹಳೆಯ ಪದ್ಧತಿಯನ್ನು ತಿಳಿಯಬೇಕು. 1872ರಲ್ಲಿ ಗುಪ್ತ ಮತದಾನದ ಶಾಸನವು ಬರುವವರೆಗೂ ಮತದಾರನು ಎಲ್ಲರೆದುರಿಗೆ ಬಾಯಿಬಿಟ್ಟು ತನ್ನ ಮತವನ್ನು ಹೇಳಬೇಕಾಗಿದ್ದಿತು. ಜಮೀನುದಾರನ ಕಣ್ಣೆದುರಿಗೆ ಗೇಣಿದಾರನು ಯಾರ ಹೆಸರನ್ನು ಹೇಳಿಯಾನು? ಶಾಸನವು ಆ ಭಯವನ್ನು ಕಳೆಯಿತು. ಆದರೆ ಅಭ್ಯಾಸವನ್ನು ಕಳೆಯಲಿಲ್ಲ. ರಾಜಮಾನ್ಯವಾದ ಚರ್ಚಿಗೆ ಹೋಗುವ ಕುಟುಂಬದವರು ಹೆಚ್ಚಾಗಿ ಕನ್ಸರ್ವೇಟಿವ್ ಪಕ್ಷಕ್ಕೂ, ಅದರಿಂದ ಬೇರೆಯಾದ ಪ್ರಾರ್ಥನಾಮಂದಿರಗಳಿಗೆ ಹೋಗುವ ಕುಟುಂಬದವರು ಹೆಚ್ಚಾಗಿ ಲಿಬರಲ್ ಪಕ್ಷಕ್ಕೂ ಮತ ಕೊಡುತ್ತಿದ್ದರು. ಹೊಲ ಮನೆಗಳಂತೆ ಪಕ್ಷವೂ ತಂದೆಯಿಂದ ಮಗನಿಗೆ ಇಳಿದು ಬರುತ್ತಿದ್ದಿತು. ನಮ್ಮ ದಾದಾಭಾಯಿ ನವರೋಜಿಯವರು 1892ರಲ್ಲಿ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿ ಕ್ಷೇತ್ರದಿಂದ ಕಾಮನ್ಸ್ ಸಭೆಗೆ ಆರಿಸಿ ಬಂದುದು ಲಿಬರಲ್ ಪಕ್ಷದ ಹೆಸರಿನಲ್ಲಿಯೇ. ಅವರ ಗೆಲವಿನ ಅಂತರವನ್ನು ಒಂದು ಕೈಯ ಬೆರಳುಗಳಲ್ಲಿಯೇ ಎಣಿಸಬಹುದಾಗಿದ್ದಿತು. ಮೂರು ವರ್ಷಗಳ ತರುವಾಯ ಗಾಳಿಯು ಬೇರೆ ಕಡೆಗೆ ಬೀಸಿತು. ನವರೋಜಿಯವರು ಸೋತರು, ಅದೇ 1895ರ ಚುನಾವಣೆಯಲ್ಲಿ ಮಂಚೇರ್ಜಿ ಭಾವನಗರಿಯವರು ಕನ್ಸರ್ವೇಟಿವ್ ಪಕ್ಷದಿಂದ ಗೆದ್ದರು.

ಈ ಲಿಬರಲ್ ಪಕ್ಷದ ಕಥೆಯೇ ನಮಗೆ ಮೊದಲನೆಯ ಪಾಠ. 1906ರಲ್ಲಿ ಆ ಪಕ್ಷಕ್ಕೆ 670 ಸ್ಥಾನಗಳಲ್ಲಿ ಸುಮಾರು 400 ಸ್ಥಾನಗಳು ದೊರೆತುವು. ವೃದ್ಧರಿಗೆ ಪಿಂಚಣಿ, ಕೆಲಸಗಾರರಿಗೆ ರೋಗದ ವಿಮೆ ಮೊದಲಾದ ಸತ್ಕಾರ್ಯಗಳನ್ನು ಅದು ಮಾಡಿತು. ಅಂತಹ ಪಕ್ಷವು 1924ರ ಅಕ್ಟೋಬರಿನಲ್ಲಿ ಕೇವಲ 40 ಸ್ಥಾನಗಳಿಗೆ ಇಳಿಯಿತೆಂದರೆ ನಂಬುವುದು ಕಷ್ಟ. ಹದಿನೆಂಟು ವರ್ಷಗಳಲ್ಲಿ ಇಷ್ಟು ದೊಡ್ಡ ಮನೆಯು ಹೇಗೆ ಬಿದ್ದಿತು?

ಮನೆಯ ಹಿರಿಯರಿಬ್ಬರು ಜಗಳವಾಡಿದುದು ಒಂದು ಕಾರಣ. ಮೊದಲನೆಯ ಮಹಾಯುದ್ಧದ ನಡುವೆ, 1916ರಲ್ಲಿ, ಆಸ್ಕ್ವಿತ್ತರು ಪ್ರಧಾನಿಯ ಪದವಿಯಿಂದ ಇಳಿದು ಲಾಯ್ಡ್ ಜಾರ್ಜರು ಏರಿದರು. ಅಂದಿನಿಂದ ಪಕ್ಷವು ಎರಡು ಬಣಗಳಾಯಿತು. ಆದರೆ ಜಗಳವೊಂದೇ ಕಾರಣವಲ್ಲ. 1918ರ ಶಾಸನದಿಂದ ಇಪ್ಪತ್ತೊಂದು ವರ್ಷ ತುಂಬಿದ ಗಂಡಸರಿಗೆಲ್ಲ ಮತ ಬಂದಿತು; ಮೂವತ್ತು ವರ್ಷ ಮೀರಿದ ಹೆಂಗಸರಲ್ಲಿ ಮನೆಯುಳ್ಳವರಿಗೆ ಅಥವಾ ಮನೆಯುಳ್ಳವರ ಪತ್ನಿಯರಿಗೆ ಮತ ಬಂದಿತು. ಮತದಾರರು ಸುಮಾರು 80 ಲಕ್ಷದಿಂದ 2 ಕೋಟಿ 10 ಲಕ್ಷಕ್ಕೆ ಏರಿದರು. ಈ ಹೊಸಬರಲ್ಲಿ ಬಹುಮಂದಿಗೆ ಲಿಬರಲ್ ಪಕ್ಷವು ಪಿತ್ರಾರ್ಜಿತವಾಗಿರಲಿಲ್ಲ. ಇತ್ತ ಕಲ್ಲಿದ್ದಲ ಗಣಿಗಳ ಕೆಲಸಗಾರರ ಒಕ್ಕೂಟವು 1909ರಲ್ಲಿಯೇ ಲಿಬರಲರನ್ನು ಬಿಟ್ಟು ಲೇಬರ್ ಪಕ್ಷವನ್ನು ಸೇರಿದ್ದಿತು. ತಮ್ಮ ಪರವಾಗಿ ಮಾತನಾಡುವ ದೊಡ್ಡ ಮನುಷ್ಯನಿಗಿಂತ ತಮ್ಮಲ್ಲಿಯೇ ಒಬ್ಬನನ್ನು ಕಳುಹಿಸುವುದು ಮೇಲೆಂದು ಗಣಿಗಳ ಜನರಿಗೆ ತೋರಿತು. ಉಪಕಾರ ಮಾಡಿದ ಪಕ್ಷವನ್ನು ಅವರು ಮರೆತರೆಂದು ಲಿಬರಲರು ನೊಂದುಕೊಂಡರು. ಆದರೆ ಉಪಕಾರವು ಒಂದು, ಸಮಾನತೆಯು ಇನ್ನೊಂದು. ಮೊದಲನೆಯದನ್ನು ಪಡೆದವನು ಎರಡನೆಯದನ್ನು ಕೇಳದೆ ಇರನು.

1923ರ ಕೊನೆಯ ಚುನಾವಣೆಯಲ್ಲಿ ಯಾರಿಗೂ ಬಹುಮತವು ಬರಲಿಲ್ಲ. ಲಿಬರಲರ ಬೆಂಬಲದಿಂದಲೇ 1924ರ ಜನವರಿಯಲ್ಲಿ ರಾಮ್ಸೆ ಮ್ಯಾಕ್‌ಡೊನಾಲ್ಡರು ಲೇಬರ್ ಪಕ್ಷದ ಮೊದಲ ಪ್ರಧಾನಿಯಾದರು. ಅಲ್ಲಿಗೆ ಲೇಬರ್ ಪಕ್ಷವೂ ರಾಜ್ಯವನ್ನು ಆಳಬಲ್ಲುದೆಂದು ಜನಕ್ಕೆ ಕಣ್ಣಾರೆ ಕಂಡಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಲಿಬರಲರು ಮೂಲೆಗೆ ಬಿದ್ದರು. ಆಸ್ಕ್ವಿತ್ತರೇ ತಮ್ಮ ಸ್ಥಾನವನ್ನು ಕಳೆದುಕೊಂಡರು.

ಎರಡನೆಯ ಪಾಠವು 1945ರದು. ಜರ್ಮನಿಯನ್ನು ಗೆದ್ದು ಎರಡು ತಿಂಗಳಷ್ಟೇ ಆಗಿದ್ದಿತು. ಚರ್ಚಿಲ್ಲರನ್ನು ಕಂಡೊಡನೆ ಬೀದಿಬೀದಿಗಳಲ್ಲಿ ಜಯಘೋಷವಾಗುತ್ತಿದ್ದಿತು. ಅವರು ಸೋಲುವರೆಂದು ಎಣಿಸಿದವರು ವಿರಳ. ಜುಲೈ 5ರಂದು ಮತದಾನವಾಯಿತು. ದೂರದೇಶಗಳಲ್ಲಿದ್ದ ಸೈನಿಕರ ಮತಗಳು ಬಂದು ಸೇರಬೇಕಾಗಿದ್ದುದರಿಂದ ಫಲಿತಾಂಶವು ಹೊರಬಿದ್ದುದು 26ರಂದು. ಲೇಬರ್ ಪಕ್ಷಕ್ಕೆ 393 ಸ್ಥಾನಗಳು! ಜಯಘೋಷ ಮಾಡಿದ ಜನವೇ ಮತವನ್ನು ಮಾತ್ರ ಅಟ್ಲಿಯವರ ಪಕ್ಷಕ್ಕೆ ಕೊಟ್ಟಿದ್ದರು.

ಇದನ್ನು ಕೃತಘ್ನತೆಯೆಂದು ಕರೆದವರುಂಟು. ನಾವು ಹಾಗೆ ಹೇಳಲಾರೆವು. ಯುದ್ಧಕ್ಕೆ ಮುಂಚಿನ ಹತ್ತು ವರ್ಷಗಳ ನಿರುದ್ಯೋಗವನ್ನು ಆ ಗೃಹಿಣಿಯರು ಮರೆತಿರಲಿಲ್ಲ. ದಾರಿದ್ರ್ಯ, ರೋಗ, ಅಜ್ಞಾನ, ಕೊಳಕು, ನಿರುದ್ಯೋಗಗಳೆಂಬ ಐದು ಶತ್ರುಗಳನ್ನು ಹೇಗೆ ಎದುರಿಸಬೇಕೆಂದು ಬೆವರಿಜ್ಜರು 1942ರ ಡಿಸೆಂಬರಿನಲ್ಲಿ ಪ್ರಕಟಿಸಿದ ವರದಿಯನ್ನು ಜನರು ಕೊಂಡು ಓದಿದ್ದರು. ಅಟ್ಲಿ, ಬೆವಿನ್ ಮೊದಲಾದ ಲೇಬರ್ ಮುಖಂಡರು ಯುದ್ಧಕಾಲದ ಸಂಯುಕ್ತ ಮಂತ್ರಿಮಂಡಲದಲ್ಲಿ ದುಡಿದುದನ್ನು ನೋಡಿದ್ದರು. ಯುದ್ಧಕ್ಕೆ ತಕ್ಕ ನಾಯಕನು ಒಬ್ಬ, ಮನೆ ಕಟ್ಟುವುದಕ್ಕೆ ತಕ್ಕವನು ಇನ್ನೊಬ್ಬ ಎಂದು ಅವರು ವಿವೇಚಿಸಿದರು. 1948ರ ಜುಲೈ 5ರಂದು ಆರಂಭವಾದ ರಾಷ್ಟ್ರೀಯ ಆರೋಗ್ಯ ಸೇವೆಯು ಆ ವಿವೇಚನೆಯ ಫಲ. ನಮಗೂ ಅದರ ಫಲವು ದಕ್ಕಿತು. 1947ರಲ್ಲಿ ಭಾರತ ಸ್ವಾತಂತ್ರ್ಯದ ಶಾಸನವನ್ನು ತಂದುದು ಅದೇ ಅಟ್ಲಿಯವರ ಸರ್ಕಾರವಲ್ಲವೆ? ನಮ್ಮವರ ದೀರ್ಘ ಹೋರಾಟವೇ ಅದರ ಮೂಲವೆಂಬುದು ನಿಜ. ಆದರೂ ಬಾಗಿಲನ್ನು ತೆರೆಯಬೇಕಾದ ಗಳಿಗೆಯಲ್ಲಿ ಒಳಗೆ ಯಾರಿದ್ದರೆಂಬುದು ಅಲ್ಪ ಸಂಗತಿಯಲ್ಲ.

ಇನ್ನು ಮೂರನೆಯ ಪಾಠವು ಸ್ವಲ್ಪ ಲೆಕ್ಕವನ್ನು ಬೇಡುತ್ತದೆ. ನಮ್ಮ ಲೋಕಸಭೆಯ ಚುನಾವಣೆಯ ಕ್ರಮವು ಬ್ರಿಟನ್ನಿನಿಂದಲೇ ಬಂದುದಾದುದರಿಂದ ಇದು ನಮಗೂ ಸಲ್ಲುವುದು. ಒಂದು ಕ್ಷೇತ್ರದಲ್ಲಿ ನೂರು ಮತಗಳಿವೆಯೆಂದು ಇಟ್ಟುಕೊಳ್ಳೋಣ. ಒಬ್ಬನಿಗೆ 35, ಇನ್ನೊಬ್ಬನಿಗೆ 33, ಮತ್ತೊಬ್ಬನಿಗೆ 32 ಬಂದರೆ ಮೊದಲನೆಯವನೇ ಪ್ರತಿನಿಧಿ. ಉಳಿದ 65 ಮತಗಳಿಗೆ ಸಭೆಯಲ್ಲಿ ಬಾಯಿಯಿಲ್ಲ. 1951ರಲ್ಲಿ ಲೇಬರ್ ಪಕ್ಷಕ್ಕೆ ಸುಮಾರು 1 ಕೋಟಿ 39 ಲಕ್ಷ ಮತಗಳೂ, ಕನ್ಸರ್ವೇಟಿವರಿಗೂ ಅವರ ಮಿತ್ರರಿಗೂ ಸೇರಿ ಸುಮಾರು 1 ಕೋಟಿ 37 ಲಕ್ಷ ಮತಗಳೂ ಬಂದುವು. ಆದರೆ ಸ್ಥಾನಗಳು ಲೇಬರಿಗೆ 295, ಕನ್ಸರ್ವೇಟಿವರಿಗೆ 321. ಹೆಚ್ಚು ಮತ ಪಡೆದವರು ಮನೆಗೆ ಹೋದರು; ಚರ್ಚಿಲ್ಲರು ಮರಳಿ ಬಂದರು. 1983ರಲ್ಲಿ ಲೇಬರಿಗೆ ಶೇಕಡ 27.6 ಮತ, 209 ಸ್ಥಾನ. ಲಿಬರಲರೂ ಸೋಶಿಯಲ್ ಡೆಮೊಕ್ರಾಟರೂ ಕೂಡಿದ ಮೈತ್ರಿಗೆ ಶೇಕಡ 25.4 ಮತ, ಬರಿಯ 23 ಸ್ಥಾನ. ಒಂದೇ ಪ್ರದೇಶದಲ್ಲಿ ಗುಂಪಾಗಿರುವ ಮತವು ಫಲ ಕೊಡುತ್ತದೆ. ನಾಡಿನ ತುಂಬ ತೆಳ್ಳಗೆ ಚೆಲ್ಲಿದ ಮತವು ಮೊಳೆಯದೆ ಹೋಗುತ್ತದೆ.

ಈ ಮೂರು ಪಾಠಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈಚಿನ ಸಂಗತಿಗಳನ್ನು ನೋಡಬೇಕು. ಡರ್ಬಿಶೈರಿನ ಬೋಲ್ಸೋವರ್ ಎಂಬುದು ಕಲ್ಲಿದ್ದಲ ಗಣಿಗಳ ಸೀಮೆ. ಆ ಕ್ಷೇತ್ರವು 1950ರಲ್ಲಿ ಏರ್ಪಟ್ಟಂದಿನಿಂದ ಅಲ್ಲಿ ಲೇಬರ್ ಪಕ್ಷವಲ್ಲದೆ ಬೇರೆಯದು ಗೆದ್ದಿರಲಿಲ್ಲ. ಸ್ವತಃ ಗಣಿಯಲ್ಲಿ ದುಡಿದ ಡೆನ್ನಿಸ್ ಸ್ಕಿನ್ನರರು 1970ರಿಂದ 49 ವರ್ಷಗಳ ಕಾಲ ಅದರ ಪ್ರತಿನಿಧಿಯಾಗಿದ್ದರು. 2019ರ ಡಿಸೆಂಬರಿನಲ್ಲಿ ಅವರನ್ನೂ ಸೋಲಿಸಿ ಕನ್ಸರ್ವೇಟಿವ್ ಪಕ್ಷವು ಅಲ್ಲಿ ಗೆದ್ದಿತು. ಗಣಿಗಳು ಮುಚ್ಚಿಹೋಗಿದ್ದುವು, ಗಣಿಗಳೊಡನೆ ಸಂಘವೂ, ಸಂಘದ ಸಭಾಮಂದಿರವೂ, ಅಲ್ಲಿ ಬೆಳೆಯುತ್ತಿದ್ದ ಸ್ನೇಹವೂ ಸೊರಗಿದ್ದುವು. 2016ರಲ್ಲಿ ಯೂರೋಪಿನ ಒಕ್ಕೂಟವನ್ನು ಬಿಡಬೇಕೆಂದು ಶೇಕಡ 52 ಮಂದಿ ತೀರ್ಮಾನಿಸಿದಾಗ ಇಂತಹ ಸೀಮೆಗಳ ಜನರಲ್ಲಿ ಹೆಚ್ಚಿನವರು ಬಿಡುವ ಕಡೆಗಿದ್ದರು. ಅವರ ಹಳೆಯ ಪಕ್ಷವು ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂಬಂತಿದ್ದಿತು. ತಾತನು ಯಾವ ಪಕ್ಷದ ಸರ್ಕಾರಕ್ಕೆ ಎದುರಾಗಿ 1984ರ ಮುಷ್ಕರದಲ್ಲಿ ಹಸಿದು ನಿಂತಿದ್ದನೋ ಅದೇ ಪಕ್ಷಕ್ಕೆ ಮೊಮ್ಮಗನು ಮತ ಹಾಕಿದ ಮನೆಗಳು ಆ ಸೀಮೆಯಲ್ಲಿ ಉಂಟು. ಸ್ಕಾಟ್ಲೆಂಡಿನಲ್ಲಿ ಇದಕ್ಕೂ ಮೊದಲೇ ಹೀಗಾಗಿದ್ದಿತು: ಅಲ್ಲಿಯ 59 ಸ್ಥಾನಗಳಲ್ಲಿ 2010ರಲ್ಲಿ 41ನ್ನು ಪಡೆದಿದ್ದ ಲೇಬರ್ ಪಕ್ಷಕ್ಕೆ 2015ರಲ್ಲಿ ಉಳಿದುದು ಒಂದೇ ಒಂದು. ಸ್ಕಾಟಿಷ್ ರಾಷ್ಟ್ರೀಯ ಪಕ್ಷವು 56ನ್ನು ಬಾಚಿಕೊಂಡಿತು.

ಆದರೆ ಹೀಗೆ ಬಂದ ಹೊಸ ನಂಟು ಎಷ್ಟು ದಿನ ಬಾಳಿತು? 2019ರಲ್ಲಿ 365 ಸ್ಥಾನಗಳನ್ನು ಗೆದ್ದ ಕನ್ಸರ್ವೇಟಿವ್ ಪಕ್ಷವು, ನಮ್ಮ ಕನ್ನಡನಾಡಿನ ಅಳಿಯರಾದ ಋಷಿ ಸುನಕರ ನಾಯಕತ್ವದಲ್ಲಿ 2024ರ ಜುಲೈ 4ರ ಚುನಾವಣೆಗೆ ನಿಂತು, 121ಕ್ಕೆ ಇಳಿಯಿತು. ಆ ಪಕ್ಷದ ಚರಿತ್ರೆಯಲ್ಲಿ ಅಷ್ಟು ಕಡಮೆ ಹಿಂದೆಂದೂ ಬಂದಿರಲಿಲ್ಲ. ಬೋಲ್ಸೋವರ್ ಮರಳಿ ಲೇಬರಿಗೆ ಬಂದಿತು. ಸ್ಕಾಟ್ಲೆಂಡಿನ ಬಹುಭಾಗವೂ ಬಂದಿತು. ಲೇಬರಿಗೆ ಒಟ್ಟು 411 ಸ್ಥಾನಗಳು.

ಇಲ್ಲಿ ವಾಚಕರು ಒಂದು ಗಳಿಗೆ ನಿಂತು ಯೋಚಿಸಬೇಕು. 2019ರಲ್ಲಿ ಹೀನಾಯವಾಗಿ ಸೋತಾಗ ಲೇಬರಿಗೆ ಬಂದ ಮತಗಳು ಸುಮಾರು 1 ಕೋಟಿ 2 ಲಕ್ಷ. 2024ರಲ್ಲಿ ಅಮೋಘವಾಗಿ ಗೆದ್ದಾಗ ಬಂದುವು ಸುಮಾರು 97 ಲಕ್ಷ! ಮತಗಳು ಕಡಮೆಯಾಗಿ ಸ್ಥಾನಗಳು ಇಮ್ಮಡಿಯಾದುವು. ಕನ್ಸರ್ವೇಟಿವರ ಮತಗಳನ್ನು ರಿಫಾರ್ಮ್ ಎಂಬ ಹೊಸ ಪಕ್ಷವು ಸೀಳಿದುದು ಇದಕ್ಕೆ ದೊಡ್ಡ ಕಾರಣ. ಆ ರಿಫಾರ್ಮಿಗೆ ಶೇಕಡ 14.3 ಮತ ಬಂದರೂ ಸಿಕ್ಕಿದುದು 5 ಸ್ಥಾನ, ಶೇಕಡ 12.2 ಪಡೆದ ಲಿಬರಲ್ ಡೆಮೊಕ್ರಾಟರಿಗೆ 72. ಮೂರರಲ್ಲಿ ಒಂದು ಪಾಲು ಮತದಿಂದ ಮೂರರಲ್ಲಿ ಎರಡು ಪಾಲಿಗೆ ಸಮೀಪವಾದ ಸ್ಥಾನಗಳು ಬಂದ ಈ ಗೆಲವನ್ನು ಪ್ರೀತಿಯೆಂದು ಭಾವಿಸಿದವನು ಮೋಸಹೋಗುತ್ತಾನೆ. ಅದು ಇನ್ನೊಬ್ಬರ ಮೇಲಿನ ಬೇಸರ. ಒಂದು ವರ್ಷ ತುಂಬುವುದರೊಳಗಾಗಿ, 2025ರ ಮೇ ತಿಂಗಳಲ್ಲಿ, ರನ್‌ಕಾರ್ನ್ ಉಪಚುನಾವಣೆಯಲ್ಲಿ ರಿಫಾರ್ಮ್ ಪಕ್ಷವು ಲೇಬರಿನಿಂದ ಆ ಸ್ಥಾನವನ್ನು ಆರೇ ಆರು ಮತಗಳಿಂದ ಕಿತ್ತುಕೊಂಡಿತು.

1951ರಲ್ಲಿ ಎರಡು ದೊಡ್ಡ ಪಕ್ಷಗಳಿಗೂ ಸೇರಿ ನೂರಕ್ಕೆ ಸುಮಾರು 97 ಮತಗಳು ಬಂದಿದ್ದುವು. 2024ರಲ್ಲಿ ಬಂದುವು ಸುಮಾರು 57. ಹಳೆಯ ನಿಷ್ಠೆಯು ಕರಗಿತೆಂದು ಇದಕ್ಕಾಗಿ ಕೆಲವರು ಮರುಗುತ್ತಾರೆ. ನಮಗೆ ಅದಕ್ಕಿಂತಲೂ ಹೆಚ್ಚಿನ ಕಳವಳವನ್ನು ತರುವುದು ಬೇರೊಂದು ಅಂಕಿ. 1950ರಲ್ಲಿ ನೂರು ಮತದಾರರಲ್ಲಿ 84 ಮಂದಿ ಮತ ಹಾಕಿದ್ದರು. 2024ರಲ್ಲಿ ಹಾಕಿದವರು 60 ಮಂದಿ. ಪಕ್ಷವನ್ನು ಬದಲಾಯಿಸಿದವನು ಇನ್ನೂ ಆಸೆಯುಳ್ಳವನು. ಅವನು ಕೋಪಿಸಿಕೊಂಡು ಪಕ್ಕದ ಅಂಗಡಿಗೆ ಹೋದ ಗಿರಾಕಿ, ನಾಳೆ ಮರಳಿ ಬಂದಾನು. ಮನೆಯಲ್ಲಿಯೇ ಕುಳಿತವನಾದರೋ ಪೇಟೆಗೇ ಕೈಮುಗಿದವನು. ಪಕ್ಷಗಳು ಜನರನ್ನು ಸ್ವಂತದ ಸೊತ್ತೆಂದು ಎಣಿಸಿದ ಕಡೆಗಳಲ್ಲಿಯೇ ಇಂತಹವರು ಹೆಚ್ಚುವುದು ಸಹಜ. ಗೆಲ್ಲುವುದು ಖಂಡಿತವೆಂದಿರುವ ಕ್ಷೇತ್ರದ ಬಾಗಿಲನ್ನು ಯಾವ ಅಭ್ಯರ್ಥಿಯು ತಾನೆ ಮತ್ತೆ ಮತ್ತೆ ತಟ್ಟುತ್ತಾನೆ?

ಬ್ರಿಟನ್ನಿನಲ್ಲಿ ಹೆಂಗಸರಿಗೆ ಮತ ಕೊಡುವ ವಾದವು ನಡೆದಾಗ, ಹೆಂಡತಿಯು ಗಂಡನು ಹೇಳಿದವರಿಗೇ ಮತ ಹಾಕುವಳು, ಆದುದರಿಂದ ಅವಳಿಗೆ ಬೇರೆ ಮತವೇಕೆ ಎಂದವರಿದ್ದರು. 1928ರಲ್ಲಿ ಇಪ್ಪತ್ತೊಂದು ವರ್ಷದ ಹೆಣ್ಣುಮಕ್ಕಳಿಗೂ ಮತ ಬಂದು ಆ ವಾದವು ಅಡಗಿತು. ನಮ್ಮಲ್ಲಿ ಅಂತಹ ವಾದಕ್ಕೆ ಅವಕಾಶವೇ ಇರಲಿಲ್ಲ. ಗಣರಾಜ್ಯದ ಮೊದಲ ಚುನಾವಣೆಯಿಂದಲೇ ಗಂಡು ಹೆಣ್ಣೆಂಬ ಭೇದವಿಲ್ಲದೆ ಮತವು ಬಂದಿತು. ಆದರೆ ಶಾಸನವು ಕೊಟ್ಟುದನ್ನು ಮನೆಯ ಪದ್ಧತಿಯು ಕಸಿದುಕೊಳ್ಳಬಾರದು. "ನಮ್ಮ ಮನೆಯವರೆಲ್ಲ ಇಂತಹ ಪಕ್ಷ" ಎಂದು ಹಿರಿಯರು ಹೇಳುವಾಗ ಸೊಸೆಗೂ ಮಗಳಿಗೂ ಸ್ವಂತ ಅಭಿಪ್ರಾಯವುಂಟೆ ಎಂದು ಒಮ್ಮೆ ಕೇಳಿ ನೋಡಲಿ. ತಾತನು ಬಿಟ್ಟುಹೋದ ಮನೆಯನ್ನು ಉಳಿಸಿಕೊಳ್ಳುವುದು ಒಳ್ಳೆಯದೇ. ಆದರೆ ಆ ಮನೆಯ ಸೂರು ಸೋರುತ್ತಿದೆಯೇ ಎಂದು ಮಳೆಗಾಲಕ್ಕೆ ಮುಂಚೆ ಹತ್ತಿ ನೋಡಬೇಕಾದವರು ಈಗ ಅದರಲ್ಲಿ ವಾಸಿಸುವವರೇ.