ಹಳಿ ಕಿತ್ತ ದಾರಿಗೆ ಡಾಂಬರೇ ಸರಿ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲೋವೆಲ್‌ನಿಂದ ಫ್ರೇಮಿಂಗ್‌ಹ್ಯಾಮ್‌ವರೆಗೆ 1871ರಲ್ಲಿ ರೈಲು ಓಡತೊಡಗಿತು. ಆ ರೈಲು ನಿಂತು ಎಷ್ಟೋ ಕಾಲವಾಗಿದೆ. ಹಳಿ ಕಿತ್ತ ಜಾಗ ಈಗ ನಡೆಯುವವರ, ಸೈಕಲ್ ತುಳಿಯುವವರ ದಾರಿಯಾಗುತ್ತಿದೆ. ಇದಕ್ಕಾಗಿ ಶ್ರಮಿಸಿದ ಚೆಲ್ಮ್ಸ್‌ಫರ್ಡ್‌ನ ಶಾಸಕ ಬ್ರೂಸ್ ಫ್ರೀಮನ್ ಅವರ ಹೆಸರನ್ನೇ ದಾರಿಗೆ ಇಟ್ಟಿದ್ದಾರೆ. ಯೋಜನೆಯ ಪೂರ್ತಿ ಉದ್ದ 25 ಮೈಲಿ, ಅಂದರೆ ಸುಮಾರು 40 ಕಿ.ಮೀ. ಮೊದಲ 6.8 ಮೈಲಿ 2009ರಲ್ಲಿ ತೆರೆಯಿತು, ಮುಂದಿನ ತುಂಡು 2018ರಲ್ಲಿ. ಇಷ್ಟು ನಿಧಾನಕ್ಕೆ ಹಣದ ಕೊರತೆಯೊಂದೇ ಕಾರಣವಲ್ಲ. ಕಾಡು, ಜೌಗು, ಹೊಲಗಳ ನಡುವಿನ ಊರುಗಳಲ್ಲಿ ಒಂದು ಜಗಳ ವರ್ಷಗಟ್ಟಲೆ ಎಳೆಯಿತು: ದಾರಿಗೆ ಡಾಂಬರು ಹಾಕಬೇಕೆ, ಕಲ್ಲುಪುಡಿ ಹರಡಿದರೆ ಸಾಲದೆ?

ಡಾಂಬರು ಹಾಕಬೇಕು. ಹಾಕಿದ ಊರುಗಳು ಸರಿಯಾದದ್ದನ್ನೇ ಮಾಡಿದವು. ಎಳೆದಾಡಿದ ಊರುಗಳು ತಮ್ಮವರಿಗೇ ಅನ್ಯಾಯ ಮಾಡಿದವು.

ವಿರೋಧದ ಮಾತುಗಳಲ್ಲಿ ಹೆಚ್ಚು ಗೌರವ ಸಿಕ್ಕಿದ್ದು ‘ಹಳ್ಳಿಯ ಸೊಗಡು ಕೆಡುತ್ತದೆ’ ಎಂಬ ಮಾತಿಗೆ. ಅದೇ ಅತ್ಯಂತ ದುರ್ಬಲವಾದ ಮಾತು. ಇದು ಎಂದೂ ಕಾಡಿನ ಕಾಲುದಾರಿಯಾಗಿರಲಿಲ್ಲ. ಗುಡ್ಡ ಕಡಿದು, ತಗ್ಗು ತುಂಬಿ, ಜಲ್ಲಿ ಸುರಿದು ಕಟ್ಟಿದ ಕೈಗಾರಿಕಾ ಕಾಮಗಾರಿ ಇದು. ಕಲ್ಲಿದ್ದಲ ಬೂದಿ ಇದರ ಮೇಲೆ ಬಿದ್ದಿದೆ. ಹಳೆಯ ಸ್ಲೀಪರ್‌ಗಳು ಕೊಳೆಯದಂತೆ ಬಳಿದ ಕ್ರಿಯೋಸೋಟ್ ಎಂಬ ರಾಸಾಯನಿಕ ಮಣ್ಣಿಗೆ ಇಳಿದಿದೆ. ಹಳಿಯ ನಡುವೆ ಕಳೆ ಬೆಳೆಯದಂತೆ ಹೊಡೆದ ಔಷಧಿಗಳಲ್ಲಿ ಆರ್ಸೆನಿಕ್ ಇತ್ತು. ಈ ಮಣ್ಣು ಜನರಿಗೆ ತಾಗದಂತೆ ನೋಡಿಕೊಂಡು ಇಂಥ ದಾರಿಯನ್ನು, ಅಂದರೆ ರೈಲ್ ಟ್ರೇಲ್ ಅನ್ನು, ಕಟ್ಟುವುದು ಹೇಗೆಂದು ಮ್ಯಾಸಚೂಸೆಟ್ಸ್‌ನ ಪರಿಸರ ಇಲಾಖೆ ಪ್ರತ್ಯೇಕ ಮಾರ್ಗಸೂಚಿಯನ್ನೇ ಹೊರಡಿಸಬೇಕಾಯಿತು. ಇಂಥ ನೆಲವನ್ನು ಗಟ್ಟಿ ಹೊದಿಕೆಯಿಂದ ಮುಚ್ಚುವುದು ಪರಿಸರಕ್ಕೆ ದ್ರೋಹ ಹೇಗಾದೀತು? ಮಕ್ಕಳು ಬಿದ್ದು ಕೈಯೂರುವ ಜಾಗವದು.

ಕಲ್ಲುಪುಡಿಯ ಪರವಾಗಿ ಮಾತಾಡುವವರು ಮಿಸೌರಿ ರಾಜ್ಯದ ಕೇಟಿ ಟ್ರೇಲ್ ಅನ್ನು ತೋರಿಸುತ್ತಾರೆ. ಸುಮಾರು 240 ಮೈಲಿಯ ಆ ದಾರಿಗೆ ಹಾಸಿರುವುದು ಸುಣ್ಣಕಲ್ಲಿನ ಪುಡಿ. ಅದು ಸೊಗಸಾದ ದಾರಿ ಎನ್ನುವುದರಲ್ಲಿ ಎರಡು ಮಾತಿಲ್ಲ. ದಿನಗಟ್ಟಲೆ ಸೈಕಲ್ ತುಳಿಯುತ್ತಾ ಹೋಗುವವರಿಗೆ ಆ ಪುಡಿ ಒಣಗಿದಾಗ ಚೆನ್ನಾಗಿಯೇ ಒದಗುತ್ತದೆ. ಆದರೆ ಮ್ಯಾಸಚೂಸೆಟ್ಸ್ ಇರುವ ನ್ಯೂ ಇಂಗ್ಲೆಂಡ್ ಪ್ರದೇಶದ ಚಳಿಗಾಲ ಬೇರೆ. ನೆಲ ಹೆಪ್ಪುಗಟ್ಟುತ್ತದೆ, ಕರಗುತ್ತದೆ, ಮತ್ತೆ ಹೆಪ್ಪುಗಟ್ಟುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಕಲ್ಲುಪುಡಿಯ ಮೇಲ್ಪದರ ಕೆಸರಾಗಿ ಚಕ್ರ ಹೂತುಕೊಳ್ಳುತ್ತದೆ. ಹಿಮ ಬಿದ್ದಾಗ ಅದನ್ನು ಗೋರಿ ತೆಗೆದರೆ ಹಿಮದ ಜೊತೆ ದಾರಿಯೂ ಎದ್ದು ಬರುತ್ತದೆ. ಗಟ್ಟಿಕಾಲಿನವರಿಗೆ ಇದೊಂದು ಕಿರಿಕಿರಿ ಅಷ್ಟೆ. ಗಾಲಿಕುರ್ಚಿಯಲ್ಲಿ ಕೂತವರಿಗೆ ಅದು ಮುಚ್ಚಿದ ಬಾಗಿಲು.

ರೈಲು ಎಂಜಿನ್ ಕಡಿದಾದ ಏರು ಹತ್ತಲಾರದು. ಹಾಗಾಗಿ ಅಂದಿನ ಎಂಜಿನಿಯರ್‌ಗಳು ನೂರು ಅಡಿಗೆ ಎರಡು ಮೂರು ಅಡಿಗಿಂತ ಹೆಚ್ಚು ಏರದಂತೆ ನೆಲವನ್ನು ಸಮ ಮಾಡಿಟ್ಟರು. ಗುಡ್ಡಗಾಡಿನ ಊರುಗಳಲ್ಲಿ ಗಾಲಿಕುರ್ಚಿಗೆ, ಮಗುವಿನ ತಳ್ಳುಗಾಡಿಗೆ, ಮಂಡಿ ನೋವಿನವರಿಗೆ ಇಷ್ಟು ಉದ್ದದ ಸಮತಟ್ಟಾದ ದಾರಿ ಬೇರೆ ಎಲ್ಲಿಯೂ ಸಿಗದು. ಯಾರ ಕಾಲಿಗೆ ಇದು ಎಲ್ಲಕ್ಕಿಂತ ಹೆಚ್ಚು ಹೊಂದುತ್ತದೋ ಅವರನ್ನೇ ಹೊರಗಿಡುವಂತೆ ಮೇಲ್ಮೈ ಹಾಸುವುದು ಕ್ಷಮಿಸಲಾಗದ ತಪ್ಪು. ಈ ಜಾಗದ ಬಹುಪಾಲು ರಾಜ್ಯ ಸರ್ಕಾರದ ಸ್ವತ್ತು. ಪಕ್ಕದ ಮನೆಯವರ ಹಿತ್ತಿಲಲ್ಲ ಅದು.

ಈ ಭಾಗದಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ದೂರದ ಮಾತಲ್ಲ. ಬೇಸಿಗೆ ಬಂದರೆ ಊರಿನಿಂದ ಅಪ್ಪ, ಅಮ್ಮ, ಅತ್ತೆ, ಮಾವ ಆರು ತಿಂಗಳಿಗೆ ಬಂದಿಳಿಯುತ್ತಾರೆ. ಅವರಿಗೆ ಇಲ್ಲಿ ಕಾರು ಓಡಿಸಲು ಬಾರದು. ಹಳ್ಳಿಗಾಡಿನ ರಸ್ತೆಗಳಿಗೆ ಬಹುತೇಕ ಕಡೆ ಕಾಲುದಾರಿಯೇ ಇಲ್ಲ, ಕಾರುಗಳು ಮೈಗೆ ತಾಗುವಂತೆ ಹಾದುಹೋಗುತ್ತವೆ. ಮಗ, ಸೊಸೆ ಕೆಲಸದಿಂದ ಬರುವವರೆಗೂ ಕಿಟಕಿಯ ಪಕ್ಕ ಕೂರುವುದೇ ಅವರ ದಿನಚರಿ. ಡಾಂಬರು ಬಿದ್ದ ಟ್ರೇಲ್ ಹತ್ತಿರವಿರುವ ಕಡೆ ಮಾತ್ರ ಈ ಕತೆ ಬೇರೆ. ಅಲ್ಲಿ ಸೀರೆಯುಟ್ಟು ಸ್ನೀಕರ್ಸ್ ಹಾಕಿದ ಅಜ್ಜಿಯರು ಯಾರನ್ನೂ ಕಾಯದೆ ಬೆಳಗಿನ ವಾಕಿಂಗ್ ಮುಗಿಸಿ ಬರುತ್ತಾರೆ. ಮೊಮ್ಮಕ್ಕಳು ಅಲ್ಲೇ ಸೈಕಲ್ ಕಲಿಯುತ್ತಾರೆ. ಒಂದು ಊರು ತನ್ನ ಹಿರಿಯರಿಗೆ ಇದಕ್ಕಿಂತ ಅಗ್ಗದಲ್ಲಿ ಇಷ್ಟು ಸ್ವಾತಂತ್ರ್ಯ ಕೊಡಲಾರದು.

ವಿರೋಧಿಗಳ ಕೆಲವು ಮಾತುಗಳಲ್ಲಿ ಹುರುಳಿದೆ. ಈ ಜೌಗುಗಳಲ್ಲಿ ಇರುವ ಬ್ಲಾಂಡಿಂಗ್ ಆಮೆ ರಾಜ್ಯದ ಅಪಾಯಕ್ಕೆ ಸಿಲುಕಿದ ಜೀವಿಗಳ ಪಟ್ಟಿಯಲ್ಲಿದೆ. ಮೊಟ್ಟೆಯಿಡಲು ಅದು ದಾರಿ ದಾಟಲೇಬೇಕು. ಆದ್ದರಿಂದ ದಾರಿಯ ಕೆಳಗೆ ಆಮೆ ದಾಟುವಷ್ಟು ಅಗಲದ ಮೋರಿಗಳನ್ನು ಇಡುವುದು ನಕ್ಷೆಯಲ್ಲೇ ಇರಬೇಕು, ಆಮೇಲೆ ನೋಡೋಣ ಎಂದು ಬಿಡಬಾರದು. ಕುದುರೆ ಸವಾರರಿಗೆ ಪಕ್ಕದಲ್ಲಿ ಮಣ್ಣಿನ ಅಂಚು ಬಿಡಬೇಕು. ಸೈಕಲ್‌ಗಳ ವೇಗದ ಭಯವೂ ನಿಜ, ಅದರಲ್ಲೂ ಬ್ಯಾಟರಿ ಸೈಕಲ್ ಬಂದ ಮೇಲೆ. ಆದರೆ ಅದಕ್ಕೆ ಅಗಲ, ನಿಯಮ, ದಂಡ ಇವೆ. ದಾರಿಯನ್ನು ಒರಟಾಗಿಟ್ಟು ವೇಗ ತಗ್ಗಿಸುತ್ತೇವೆ ಎನ್ನುವುದು ನಿಧಾನವಾಗಿ ನಡೆಯುವವರಿಗೇ ವಿಧಿಸುವ ಶಿಕ್ಷೆ. ಹತ್ತು ಅಡಿ ಅಗಲದ ಡಾಂಬರಿನ ಮೇಲೆ ಬಿದ್ದ ಮಳೆನೀರು ಎರಡೂ ಬದಿಯ ಹುಲ್ಲಿಗೆ ಹರಿದು ಇಂಗುತ್ತದೆ. ಕಳ್ಳರು ಬರುತ್ತಾರೆ, ಮನೆಯ ಬೆಲೆ ಬೀಳುತ್ತದೆ ಎಂಬ ಮಾತುಗಳಿಗೆ ಇಲ್ಲಿ ಜಾಗ ಕೊಡುವುದೂ ವ್ಯರ್ಥ.

ಡಾಂಬರು ಹಾಕಿ ಕೈತೊಳೆದುಕೊಂಡ ಊರುಗಳ ತಪ್ಪೂ ಸಣ್ಣದಲ್ಲ. ಕಟ್ಟುವ ಹಣವನ್ನು ರಾಜ್ಯ, ಒಕ್ಕೂಟ ಸರ್ಕಾರಗಳು ಕೊಡುತ್ತವೆ, ನೋಡಿಕೊಳ್ಳುವ ಹೊಣೆ ಊರಿನದು. ಮರದ ಬೇರು ಕೆಲವೇ ವರ್ಷಗಳಲ್ಲಿ ಡಾಂಬರನ್ನು ಎತ್ತುತ್ತದೆ. ಮೋರಿಯಲ್ಲಿ ಎಲೆ ಕಟ್ಟಿಕೊಂಡು ನೀರು ಅಂಚನ್ನು ಕೊರೆಯುತ್ತದೆ. ಆ ಉಬ್ಬುಗಳ ಮೇಲೆ ಬಿಳಿ ಬಣ್ಣ ಬಳಿದು ಎಚ್ಚರಿಕೆ ಕೊಟ್ಟರೆ ರಿಪೇರಿ ಮಾಡಿದಂತಾಗದು. ಡಾಂಬರಿನ ದಾರಿಯಲ್ಲಿ ಹಿಮ ಗೋರಲು ಸಾಧ್ಯವಿದ್ದೂ ಗೋರದೆ ಬಿಟ್ಟರೆ, ಡಾಂಬರಿನ ಪರವಾಗಿ ನಾವು ಇಲ್ಲಿ ಮಂಡಿಸಿದ ವಾದದ ಅರ್ಧ ಭಾಗವನ್ನು ಊರೇ ಹೂತುಹಾಕಿದಂತೆ. ಮೋರಿ ತೆರವು, ಬೇರು ತಡೆ, ಚಳಿಗಾಲದ ಹಿಮ, ಈ ಮೂರಕ್ಕೂ ಪ್ರತಿ ಊರಿನ ಬಜೆಟ್ಟಿನಲ್ಲಿ ಹಣ ಮೀಸಲಿರಬೇಕು.

ಈ ದಾರಿ ಹಾದುಹೋಗುವ ಆಕ್ಟನ್, ವೆಸ್ಟ್‌ಫರ್ಡ್, ಕಾಂಕರ್ಡ್, ಸಡ್‌ಬರಿ ಊರುಗಳಲ್ಲಿ ಬಜೆಟ್ ತೀರ್ಮಾನವಾಗುವುದು ಟೌನ್ ಮೀಟಿಂಗ್‌ನಲ್ಲಿ. ಮತದಾರರ ಪಟ್ಟಿಯಲ್ಲಿರುವ ಯಾರು ಬೇಕಾದರೂ ಅಲ್ಲಿ ಎದ್ದು ಮಾತಾಡಬಹುದು, ಮತ ಹಾಕಬಹುದು. ಪೌರತ್ವ ಪಡೆದ ಕನ್ನಡಿಗರು ಆ ಸಂಜೆ ಮನೆಯಲ್ಲಿ ಕೂರಬಾರದು. ಟ್ರೇಲ್ ನಿರ್ವಹಣೆಯ ಹಣ ಕಡಿತಕ್ಕೆ ಬಂದಾಗ ಎದ್ದು ನಿಂತು ಬೇಡವೆನ್ನಬೇಕು.